ಬಿಸಿಲು ಕೇಳುವ ಗಾಡಿ, ನೆರಳು ಕೇಳುವ ಮನುಷ್ಯ

ಹುಣ್ಣಿಮೆ ಬಂತೆಂದರೆ ತಿರುವಣ್ಣಾಮಲೈ ಗಿರಿಪ್ರದಕ್ಷಿಣೆಗೆ ಬೆಂಗಳೂರಿನಿಂದಲೂ ಬಸ್ಸುಗಳು ತುಂಬಿ ಹೊರಡುತ್ತವೆ. ಹೋದವರೆಲ್ಲ ತಲೆಯೆತ್ತಿ ಬೆಟ್ಟ ನೋಡುತ್ತಾರೆ. ಅದೇ ಊರಿನ ವಿನಿಶಾ ಉಮಾಶಂಕರ್ ಎಂಬ ಹುಡುಗಿ ನೋಡಿದ್ದು ನೆಲವನ್ನು. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಇಸ್ತ್ರಿಯವರೊಬ್ಬರು ಉರಿದು ಮುಗಿದ ಇದ್ದಿಲನ್ನು ರಸ್ತೆ ಬದಿಗೆ ಸುರಿಯುತ್ತಿದ್ದರು. ಆಕೆಗೆ ಆಗ ಹನ್ನೆರಡು ವರ್ಷ. ದಿನಕ್ಕೆ ಎಷ್ಟು ಇದ್ದಿಲು ಸುಡುತ್ತದೆ, ಅದಕ್ಕಾಗಿ ಎಷ್ಟು ಮರ ಬೀಳುತ್ತದೆ, ಹೊಗೆ ಯಾರ ಎದೆಗೆ ಇಳಿಯುತ್ತದೆ ಎಂದು ಯೋಚಿಸುತ್ತ ಹೋದವಳು ಕೊನೆಗೆ ಕಾಗದದ ಮೇಲೆ ಒಂದು ಗಾಡಿ ಬರೆದಳು. ಚಾವಣಿಗೆ ಸೌರಫಲಕ, ಕೆಳಗೆ ಬ್ಯಾಟರಿ, ನಡುವೆ ಇಸ್ತ್ರಿ ಮೇಜು, ತುಳಿದುಕೊಂಡು ಹೋಗಲು ಪೆಡಲು.

2019ರಲ್ಲಿ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್ ಕೊಡುವ, ಎ.ಪಿ.ಜೆ. ಅಬ್ದುಲ್ ಕಲಾಂ ಹೆಸರಿನ ಇಗ್ನೈಟ್ ಪ್ರಶಸ್ತಿ ಆ ಚಿತ್ರಕ್ಕೆ ಬಂತು. ಗುಜರಾತಿನಲ್ಲಿರುವ ಆ ಸಂಸ್ಥೆಯ ಎಂಜಿನಿಯರುಗಳ ನೆರವಿನಿಂದ ಚಿತ್ರ ಗಾಡಿಯೂ ಆಯಿತು. 2020ರಲ್ಲಿ ಸ್ವೀಡನ್ನಿನಿಂದ ಮಕ್ಕಳ ಹವಾಮಾನ ಪ್ರಶಸ್ತಿ, 2021ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಸ್ಥಾಪಿಸಿದ ಅರ್ಥ್‌ಶಾಟ್ ಪ್ರಶಸ್ತಿಯ ಅಂತಿಮ ಸುತ್ತು, ಅದೇ ವರ್ಷದ ನವೆಂಬರಿನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದ ವೇದಿಕೆ. ನಾಯಕರ ಪೊಳ್ಳು ಭರವಸೆಗಳ ಬಗ್ಗೆ ತನ್ನ ತಲೆಮಾರಿಗೆ ಸಿಟ್ಟಿದೆ, ಆದರೆ ತನಗೆ ಸಿಟ್ಟಾಗಲು ಪುರುಸೊತ್ತಿಲ್ಲ, ಮಾಡುವ ಕೆಲಸವಿದೆ ಎಂದು ಆಕೆ ಅಲ್ಲಿ ದೇಶದೇಶಗಳ ಮುಖ್ಯಸ್ಥರ ಎದುರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಪತ್ರಿಕೆಗಳೂ ತಟ್ಟಿದವು. ಚಪ್ಪಾಳೆಯ ಗಲಾಟೆಯಲ್ಲಿ ಗಾಡಿಯನ್ನು ಗಾಡಿಯಾಗಿ ನೋಡಿದವರು ಕಡಿಮೆ. ಮಕ್ಕಳು ಮಾಡಿದ್ದನ್ನು ನಾವು ಮುದ್ದಿಸುತ್ತೇವೆ, ಪರೀಕ್ಷಿಸುವುದಿಲ್ಲ. ಇದರಲ್ಲಿ ಸ್ವಲ್ಪ ಅಗೌರವವೂ ಇದೆ ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ಒಂದಿಷ್ಟು ಲೆಕ್ಕ ಹಾಕೋಣ. ದೇಶದಲ್ಲಿ ಒಂದು ಕೋಟಿ ಇಸ್ತ್ರಿ ಗಾಡಿಗಳಿವೆ, ಪ್ರತಿಯೊಂದೂ ದಿನಕ್ಕೆ 5 ಕೆ.ಜಿ. ಇದ್ದಿಲು ಸುಡುತ್ತದೆ ಎಂಬ ಅಂದಾಜು ವಿನಿಶಾ ಬಗೆಗಿನ ವರದಿಗಳಲ್ಲೆಲ್ಲ ಕಾಣುತ್ತದೆ. ಕೋಟಿ ಎಂಬ ಗುಂಡು ಸಂಖ್ಯೆಯ ಮೇಲೆ ನನಗೆ ಗುಮಾನಿ. ಹಳ್ಳಿ ಹೋಬಳಿ ಕಾಡುಮೇಡು ಎಲ್ಲ ಸೇರಿಸಿಯೂ ನೂರನಲವತ್ತು ಜನರಿಗೊಂದು ಗಾಡಿ ಎಂದಾಯಿತು. ನೂರನಲವತ್ತರಲ್ಲಿ ಎಷ್ಟು ಮಂದಿ ಬಟ್ಟೆಯನ್ನು ಇಸ್ತ್ರಿಗೆ ಕೊಡುತ್ತಾರೆ? ಆದರೆ 5 ಕೆ.ಜಿ. ಎಂಬುದು ನಂಬುವಂಥದ್ದು. ಒಂದು ಕೆ.ಜಿ. ಒಳ್ಳೆಯ ಇದ್ದಿಲು ಪೂರ್ತಿ ಉರಿದರೆ ಸುಮಾರು 8 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಡುತ್ತದೆ. ಐದು ಕೆ.ಜಿ.ಗೆ 40 ಯೂನಿಟ್. ಮನೆಯ ವಿದ್ಯುತ್ ಇಸ್ತ್ರಿ ಪೆಟ್ಟಿಗೆ 1000 ವ್ಯಾಟಿನದು. ಅದರೊಳಗಿನ ಥರ್ಮೋಸ್ಟ್ಯಾಟ್ ಬಿಸಿಯಾದಾಗ ಆರಿಸಿ, ತಣಿದಾಗ ಹೊತ್ತಿಸುತ್ತ ಇರುವುದರಿಂದ ಅರ್ಧ ಹೊತ್ತು ಕರೆಂಟು ಎಳೆಯುತ್ತದೆ ಎಂದಿಟ್ಟುಕೊಂಡರೆ ಆರು ಗಂಟೆ ಉಜ್ಜಲು 3 ಯೂನಿಟ್ ಸಾಕು.

ನಲವತ್ತೆಲ್ಲಿ, ಮೂರೆಲ್ಲಿ! ಲೆಕ್ಕ ಒರಟೇ ಇರಬಹುದು, ಆದರೂ ಅಂತರ ಅಷ್ಟು ದೊಡ್ಡದು. ಬಟ್ಟೆಗೆ ಮುಟ್ಟುವುದು ಆ ಶಾಖದ ಹತ್ತನೆಯ ಒಂದು ಪಾಲೂ ಅಲ್ಲ. ಮಿಕ್ಕಿದ್ದು ಪೆಟ್ಟಿಗೆಯ ಕಿಂಡಿಗಳಿಂದ ಗಾಳಿಗೆ, ಮುಚ್ಚಳದಿಂದ ಮುಖಕ್ಕೆ, ಹಿಡಿಕೆಯಿಂದ ಅಂಗೈಗೆ. ಗಿರಾಕಿಯ ಬಟ್ಟೆ ಬರುವ ಮೊದಲೇ ಕೆಂಡ ಹೊತ್ತಿಸಬೇಕು, ಬಟ್ಟೆ ಮುಗಿದ ಮೇಲೂ ಅದು ತನ್ನ ಪಾಡಿಗೆ ಉರಿಯುತ್ತಿರುತ್ತದೆ. ಈ ಪೋಲು ಇರುವುದರಿಂದಲೇ ಸೌರ ಗಾಡಿಗೆ ಅವಕಾಶ. ಗಾಡಿಯ ಚಾವಣಿಯಲ್ಲಿ ಎರಡು ಚದರ ಮೀಟರ್ ಫಲಕ ಹಿಡಿದರೆ 400 ವ್ಯಾಟ್. ಐದು ಗಂಟೆಯ ಒಳ್ಳೆಯ ಬಿಸಿಲಿಗೆ 2 ಯೂನಿಟ್. ಐದು ತಾಸು ಬಿಸಿಲು ಕೊಟ್ಟರೆ ಆರು ತಾಸು ಇಸ್ತ್ರಿ ಎಂಬುದು ವಿನಿಶಾ ಗಾಡಿಯ ಲೆಕ್ಕ. ನನ್ನ ಲೆಕ್ಕಕ್ಕೆ ಅದು ಸ್ವಲ್ಪ ಬಿಗಿಯೇ, ಆದರೂ ಆಗದ ಮಾತಲ್ಲ. ಹನ್ನೆರಡರ ಹುಡುಗಿಯ ಅಂದಾಜು ಭೌತಶಾಸ್ತ್ರದ ಎಲ್ಲೆಯೊಳಗೇ ಬಂದು ಕೂತಿದೆ ಎಂಬುದು ನನಗೆ ಗ್ಲಾಸ್ಗೋ ಚಪ್ಪಾಳೆಗಿಂತ ದೊಡ್ಡ ಸಂಗತಿ.

ತೊಡಕು ಬೇರೆ ಕಡೆ ಇದೆ. ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ ನೋಡಿ, ಇಸ್ತ್ರಿ ಗಾಡಿ ಎಲ್ಲಿ ನಿಂತಿರುತ್ತದೆ? ಮರದ ಕೆಳಗೆ. ಹೊಂಗೆಯೋ ಮಳೆಮರವೋ ಗಸಗಸೆ ಮರವೋ ಇರುವ ತಿರುವಿನಲ್ಲಿ. ಮರವಿಲ್ಲದಿದ್ದರೆ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒತ್ತಿ ಕಟ್ಟಿದ ತಗಡಿನಡಿ, ಇಲ್ಲವೇ ಬೇಸ್‌ಮೆಂಟಿನಲ್ಲಿ, ಲಿಫ್ಟಿನ ಪಕ್ಕ. ಐದಾರು ಕಿಲೋ ತೂಕದ ಕೆಂಡದ ಪೆಟ್ಟಿಗೆಯನ್ನು ದಿನವಿಡೀ ತಳ್ಳುವ ಮನುಷ್ಯ ಬಿಸಿಲಿನಲ್ಲಿ ನಿಲ್ಲಲಾರ. ಫಲಕಕ್ಕೆ ಬಿಸಿಲು ಬೇಕು, ಅದರಡಿ ನಿಲ್ಲುವವನಿಗೆ ನೆರಳು ಬೇಕು. ಚಾವಣಿಯ ಫಲಕವೇ ನೆರಳು ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತದೆ, ಹನ್ನೆರಡು ಗಂಟೆಗೆ. ಒಂಬತ್ತಕ್ಕೆ, ಮೂರಕ್ಕೆ ಬಿಸಿಲು ಓರೆಯಾಗಿ ಮುಖಕ್ಕೇ ಹೊಡೆಯುತ್ತದೆ. ಸೌರಫಲಕಕ್ಕೆ ಇನ್ನೊಂದು ಚಾಳಿಯಿದೆ: ಒಂದು ರೆಂಬೆಯ ನೆರಳು ಅದರ ಮೂಲೆಗೆ ಬಿದ್ದರೂ ಸಾಲಾಗಿ ಜೋಡಿಸಿದ ಕೋಶಗಳ ಒಟ್ಟು ಉತ್ಪಾದನೆ ಕುಸಿಯುತ್ತದೆ. ಮೂಲೆಗೆ ಬಿದ್ದ ನೆರಳಿಗೆ ಮೂಲೆಯಷ್ಟೇ ನಷ್ಟ ಎಂದು ತಿಳಿಯಬಾರದು.

ಇಸ್ತ್ರಿಯವರ ಬೆಳಗ್ಗೆಯನ್ನು ಹತ್ತಿರದಿಂದ ನೋಡಿದರೆ ಇನ್ನೂ ಕೆಲವು ಗೊತ್ತಾಗುತ್ತವೆ. ಹಿಂದಿನ ದಿನದ ಬೂದಿ ಕೊಡವಿ, ಚೂರು ತೆಂಗಿನ ಚಿಪ್ಪು, ಒಂದು ಚಿಂದಿ, ನಾಲ್ಕು ಹನಿ ಸೀಮೆಎಣ್ಣೆ ಹಾಕಿ ಹೊತ್ತಿಸಿ, ರಟ್ಟಿನ ತುಂಡಿನಲ್ಲಿ ಬೀಸುತ್ತಾರೆ. ಕೆಂಡ ಕೆಂಪಾಗಿ ಹೊಗೆ ಕಳೆದ ಮೇಲೆ ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಕೈಯಲ್ಲಿ ಹಿಂದೆ ಮುಂದೆ ತೂಗುತ್ತಾರೆ. ಗಾಳಿಯಾಡಿ ಒಳಗಿನ ಕೆಂಡ ಒಂದೇ ಸಮ ಹರಡುವುದಕ್ಕೆ ಆ ತೂಗಾಟ. ತಳವನ್ನು ಒದ್ದೆ ಬಟ್ಟೆಗೆ ಒಮ್ಮೆ ಒರೆಸಿ, ಚುಂಯ್ ಎಂದ ಸದ್ದಿನ ಮೇಲೆ ಬಿಸಿ ಅಳೆದು, ಮೊದಲು ಹತ್ತಿ ಬಟ್ಟೆ, ಪೆಟ್ಟಿಗೆ ತುಸು ತಣಿದ ಮೇಲೆ ಟೆರಿಕಾಟು, ಕೊನೆಗೆ ರೇಷ್ಮೆ. ಒಂದು ಕಿಡಿ ಹಾರಿ ಸೀರೆಗೆ ತೂತು ಬಿದ್ದರೆ ಆ ವಾರದ ದುಡಿಮೆ ಹೋಯಿತು. ತೂಕದ ಪೆಟ್ಟಿಗೆಯನ್ನೇ ಮೆಚ್ಚುವವರೂ ಇದ್ದಾರೆ. ಪೆಟ್ಟಿಗೆಯ ಭಾರವೇ ಗೆರೆ ಎತ್ತುತ್ತದೆ, ಹಗುರ ಪೆಟ್ಟಿಗೆಯಾದರೆ ನಮ್ಮ ರಟ್ಟೆ ಒತ್ತಬೇಕು ಎನ್ನುತ್ತಾರೆ. ಹಲವರು ಈಗ ಗ್ಯಾಸ್ ಪೆಟ್ಟಿಗೆಗೆ ಹೋಗಿದ್ದಾರೆ. ಕರೆಂಟು ಯಾಕಿಲ್ಲ ಅಂದರೆ, ತಲೆಯ ಮೇಲೆಯೇ ತಂತಿ ಹಾದುಹೋಗಿದ್ದರೂ ವಿಳಾಸವಿಲ್ಲದ ಗಾಡಿಗೆ ಮೀಟರು ಹಾಕಿಸುವುದು ಸುಲಭವಲ್ಲ.

ಇದನ್ನೆಲ್ಲ ವಿನಿಶಾ ತಂಡ ಯೋಚಿಸಿಯೇ ಇರಲಿಲ್ಲ ಎನ್ನುವಂತಿಲ್ಲ. ಬಿಸಿಲಿಲ್ಲದ ದಿನ ಬ್ಯಾಟರಿಯನ್ನು ಮೊದಲೇ ಚಾರ್ಜ್ ಮಾಡಿ ತರಬಹುದು, ಬೇರೆ ಮೂಲದ ಕರೆಂಟನ್ನೂ ಬಳಸಬಹುದು ಎಂಬ ಏರ್ಪಾಡು ಆ ವಿನ್ಯಾಸದಲ್ಲಿದೆ. ನಾಲ್ಕು ಕಾಸು ಹೆಚ್ಚಿಗೆ ಸಿಗಲೆಂದು ಮೊಬೈಲ್ ಚಾರ್ಜಿಂಗ್ ಕಿಂಡಿಗಳನ್ನೂ ಇಟ್ಟಿದ್ದಾರೆ. ಪ್ರಶಸ್ತಿ ಪತ್ರದಲ್ಲಿ ಇವು ಅಡಿಟಿಪ್ಪಣಿಯಂತೆ ಕಾಣುತ್ತವೆ. ಬೀದಿಗಿಳಿದ ಗಾಡಿಗೆ ಇವೇ ಜೀವಾಳ. ಚಾವಣಿಯ ಫಲಕ ಫೋಟೋದಲ್ಲಿ ಚೆನ್ನಾಗಿ ಬೀಳುತ್ತದೆ, ಬ್ಯಾಟರಿ ಬೀಳುವುದಿಲ್ಲ.

ಇನ್ನೊಂದು ಸ್ವಾರಸ್ಯವಿದೆ. 2021ರ ಅರ್ಥ್‌ಶಾಟ್‌ನಲ್ಲಿ ವಿನಿಶಾ ಇದ್ದದ್ದು ಗಾಳಿಯನ್ನು ಸ್ವಚ್ಛವಾಗಿಸುವ ವಿಭಾಗದಲ್ಲಿ. ಆ ವಿಭಾಗದ ಬಹುಮಾನ, ಹತ್ತು ಲಕ್ಷ ಪೌಂಡ್, ಹೋದದ್ದೂ ಭಾರತದ ಹೆಸರಿಗೇ: ದೆಹಲಿಯ ವಿದ್ಯುತ್ ಮೋಹನ್ ಮತ್ತು ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಕೆವಿನ್ ಕುಂಗ್ ಕಟ್ಟಿದ ಟಾಕಾಚಾರ್ ಎಂಬ ಸಂಸ್ಥೆಗೆ. ಒಬ್ಬಾಕೆ ಇದ್ದಿಲನ್ನು ಬೀದಿಯಿಂದ ಓಡಿಸಲು ಹೊರಟವಳು, ಇವರು ಬೆಳೆ ತ್ಯಾಜ್ಯದಿಂದ ಇದ್ದಿಲಿನಂಥದ್ದನ್ನು ಮಾಡಲು ಹೊರಟವರು. ಒಂದೇ ವಿಭಾಗ, ಎದುರುಬದುರು ದಿಕ್ಕು. ತೀರ್ಪುಗಾರರಿಗೆ ಇದು ವಿಚಿತ್ರ ಅನ್ನಿಸಿತೋ ಇಲ್ಲವೋ, ನನಗಂತೂ ಅನ್ನಿಸಿತು.

ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಕೂಳೆ ಸುಡುವುದು ರೈತರ ಹಟದಿಂದಲ್ಲ. ಭತ್ತ ಕೊಯ್ದು ಗೋಧಿ ಬಿತ್ತುವ ನಡುವೆ ಇರುವುದು ಎರಡು ಮೂರು ವಾರ. ಹುಲ್ಲು ಹಗುರ, ಆದರೆ ಜಾಗ ಬಹಳ ತಿನ್ನುತ್ತದೆ; ಲಾರಿ ತುಂಬಿದಂತೆ ಕಂಡರೂ ತೂಕ ಬರುವುದಿಲ್ಲ. ದೂರದ ಕಾರ್ಖಾನೆಗೆ ಸಾಗಿಸುವ ಬಾಡಿಗೆಯೇ ಹುಲ್ಲಿನ ಬೆಲೆಯನ್ನು ಮೀರುತ್ತದೆ. ಹುಲ್ಲು ಕಾರ್ಖಾನೆಗೆ ಹೋಗದಿದ್ದರೆ ಕಾರ್ಖಾನೆಯೇ ಹೊಲಕ್ಕೆ ಬರಲಿ ಎಂಬುದು ಟಾಕಾಚಾರ್ ಯೋಚನೆ. ಟ್ರ್ಯಾಕ್ಟರಿಗೆ ಸಿಕ್ಕಿಸಿಕೊಂಡು ಹೋಗಬಹುದಾದ ಸಣ್ಣ ಯಂತ್ರ. ಒಳಗೆ ಆಮ್ಲಜನಕ ಕಡಿಮೆ ಬಿಟ್ಟು ಹುಲ್ಲು, ಚಿಪ್ಪು, ಹೊಟ್ಟನ್ನು ಕಾಫಿ ಬೀಜದಂತೆ ಹುರಿಯುತ್ತದೆ. ಹೊರಗೆ ಬರುವುದು ತೂಕದಲ್ಲಿ ಕಡಿಮೆ, ಉರಿಯಲ್ಲಿ ಹೆಚ್ಚು, ಮಾರಲು ಆಗುವಂಥದ್ದು. ಹೊಗೆಯನ್ನು ಶೇ 98ರವರೆಗೆ ತಗ್ಗಿಸಬಹುದು ಎಂದು ಸಂಸ್ಥೆ ಹೇಳಿಕೊಳ್ಳುತ್ತದೆ.

ಇದಕ್ಕೂ ಮುಂಚೆ ಅದೇ ಎಂಐಟಿಯ ವಿದ್ಯಾರ್ಥಿಗಳು ಹೈಟಿಯಲ್ಲಿ ಇದ್ದಿಲಿನ ಜೊತೆ ಗುದ್ದಾಡಿದ್ದರು. ಬೋಟ್ಸ್ವಾನಾದ ಹಳ್ಳಿಗಳಲ್ಲಿ ಸ್ವಯಂಸೇವಕಿಯಾಗಿದ್ದ ಏಮಿ ಸ್ಮಿತ್ ಎಂಬ ಎಂಜಿನಿಯರ್ 2002ರಲ್ಲಿ ಶುರುಮಾಡಿದ ಡಿ-ಲ್ಯಾಬ್ ಎಂಬ ತರಗತಿಯವರು ಅವರು. ಕಾಡು ಬೋಳಾದ ದೇಶದಲ್ಲಿ ಅಡುಗೆಗೆ ಮರದ ಇದ್ದಿಲು. ಕಬ್ಬಿನ ಸಿಪ್ಪೆ ಮಾತ್ರ ಗಾಣದ ಪಕ್ಕ ರಾಶಿ ರಾಶಿ. ವಿದ್ಯಾರ್ಥಿಗಳು ಕಂಡುಕೊಂಡ ದಾರಿ ನಮ್ಮ ಯಾವ ಹಳ್ಳಿಯಲ್ಲೂ ಮಾಡಬಹುದಾದದ್ದು. ಎಣ್ಣೆಯ ಹಳೆಯ 200 ಲೀಟರ್ ಡ್ರಮ್ಮಿನ ತಳಕ್ಕೆ ತೂತು ಹೊಡೆದು ಒಣ ಸಿಪ್ಪೆ ತುಂಬಿ ಬೆಂಕಿ ಹಚ್ಚುವುದು. ದಟ್ಟ ಹೊಗೆ ಕಳೆದು ಉರಿ ಹಿಡಿದ ಮೇಲೆ ಡ್ರಮ್ಮನ್ನು ಮುಚ್ಚಿ, ಅಂಚಿಗೆ ಮಣ್ಣು ಮೆತ್ತಿ, ಗಾಳಿ ತಪ್ಪಿಸಿ ಬಿಡುವುದು. ತಣಿದ ಮೇಲೆ ಒಳಗೆ ಕರಿ ಪುಡಿ. ಪುಡಿ ಒಲೆಯಲ್ಲಿ ನಿಲ್ಲುವುದಿಲ್ಲವಲ್ಲ, ಅದಕ್ಕೆ ಮರಗೆಣಸಿನ ಗಂಜಿ ಕಲಸಿ ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡುವುದು. ಘಾನಾಕ್ಕೆ ಹೋದಾಗ ಅವರಿಗೆ ಇನ್ನೂ ಸಲೀಸಾದದ್ದು ಸಿಕ್ಕಿತು: ಮೆಕ್ಕೆಜೋಳದ ದಿಂಡು ಪುಡಿಯಾಗದೆ ಇಡಿಯಾಗಿಯೇ ಇದ್ದಿಲಾಗುತ್ತದೆ, ಗಂಜಿಯೂ ಬೇಡ ಅಚ್ಚೂ ಬೇಡ. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳದ ಕಾಲದಲ್ಲಿ ಕಣದ ಪಕ್ಕ ಬೀಳುವ ದಿಂಡಿನ ಗುಡ್ಡೆ ನೋಡಿದವರಿಗೆ ಇದು ದೂರದ ಕಥೆ ಅನ್ನಿಸದು. ನಮ್ಮ ಬಯಲುಸೀಮೆಯ ಇದ್ದಿಲಿಗೆ ಬಳ್ಳಾರಿ ಜಾಲಿ ಕಡಿಯುತ್ತಾರೆ. ಮಣ್ಣಿನ ಗೂಡಿನಲ್ಲಿ ಒಂದು ಕೆ.ಜಿ. ಇದ್ದಿಲು ಇಳಿಯಲು ಐದಾರು ಕೆ.ಜಿ. ಕಟ್ಟಿಗೆ ಬೇಕು.

ಡಿ-ಲ್ಯಾಬ್‌ನಲ್ಲಿ ನನಗೆ ಹಿಡಿಸುವುದು ಡ್ರಮ್ಮಿಗಿಂತ ಅದರ ಪಾಠದ ಕ್ರಮ. ಒಂದು ಅವಧಿಯಲ್ಲಿ ಓದು, ರಜೆಯಲ್ಲಿ ಆ ಊರಿಗೆ ಹೋಗಿ ಅಲ್ಲಿನವರ ಜೊತೆ ಇರುವುದು, ಮರಳಿ ಬಂದು ಕೆಲಸಕ್ಕೆ ಕೂರುವುದು. ಒಮ್ಮೆ ಮಾಡಿದ್ದನ್ನು ಮುಂದಿನ ವರ್ಷದ ತಂಡ ಕೈಗೆತ್ತಿಕೊಳ್ಳುತ್ತದೆ. ಮೊದಲ ವರ್ಷದವರ ಸೋಲು ಎರಡನೆಯ ವರ್ಷದವರ ಪಠ್ಯ.

ಇಂಥ ಕ್ರಮಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅಸ್ತ್ರ ಎಂಬ ಕೇಂದ್ರ ತೆರೆದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಶಾಖೆ. ಅಲ್ಲಿನವರು ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು ಏನನ್ನೂ ಮಾಡದೆ ಬರೀ ಅಳೆಯುವುದು. ಪುರ ಸೇರಿದಂತೆ ಸುತ್ತಲಿನ ಆರು ಹಳ್ಳಿಗಳಲ್ಲಿ ಸೌದೆ ಎಷ್ಟು ಉರಿಯುತ್ತದೆ, ಯಾರು ಎಷ್ಟು ಹೊತ್ತು ನಡೆದು ತರುತ್ತಾರೆ, ನೀರು ಹೊರುವವರು ಯಾರು ಎಂದು ಮನೆಮನೆಗೆ ಹೋಗಿ ಬರೆದುಕೊಂಡರು. ಹಳ್ಳಿಯ ಶಕ್ತಿಯಲ್ಲಿ ಸಿಂಹಪಾಲು ಅಡುಗೆಮನೆಯ ಸೌದೆಯದು, ಅದನ್ನು ಒಟ್ಟುಮಾಡುವ ದುಡಿಮೆ ಬಹುಪಾಲು ಹೆಂಗಸರು ಮಕ್ಕಳದು ಎಂದು ಆಗ ಅಂಕಿಗಳಲ್ಲಿ ಕಂಡಿತು. ಮೂರು ಪಾತ್ರೆ ಕೂರುವ, ಹೊಗೆಕೊಳವೆಯ ಅಸ್ತ್ರ ಒಲೆ ಬಂದದ್ದು ಆ ದಾರಿಯಲ್ಲಿ. ಹಳೆಯ ಒಲೆಗೆ ಹೋಲಿಸಿದರೆ ಸೌದೆ ಹೆಚ್ಚುಕಡಿಮೆ ಅರ್ಧ ಉಳಿಯಿತು.

ಉಳಿಯಿತು, ಅಳತೆ ತಪ್ಪದ ಕಡೆ. ಉರಿಯ ಗೂಡಿನ ಆಳ, ಪಾತ್ರೆಯ ಬಾಯಿ, ಹೊಗೆ ಹೋಗುವ ಸಂದು, ಇವುಗಳಲ್ಲಿ ಒಂದು ಬೆರಳು ಆಚೀಚೆಯಾದರೂ ಲಾಭ ಸೋರಿಹೋಗುತ್ತದೆ. 1983ರಿಂದ 2002ರವರೆಗೆ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿ ಸುಮಾರು 3.5 ಕೋಟಿ ಒಲೆ ಹಂಚಿತು. ಗುರಿ ಮುಟ್ಟಿದ ಲೆಕ್ಕ ಕಡತದಲ್ಲಿ ಉಳಿಯಿತು. ಒಲೆಗಳಲ್ಲಿ ಬಹಳಷ್ಟು ಬಿರುಕು ಬಿಟ್ಟು, ಕೊಳವೆ ಕಟ್ಟಿಕೊಂಡು ಮೂಲೆ ಸೇರಿದವು. ಕಟ್ಟಿದವನು ಮತ್ತೆ ಬಂದು ನೋಡಲಿಲ್ಲ. ಮನೆಯಾಕೆಯ ಮುದ್ದೆಯ ಪಾತ್ರೆ ಆ ಕಿಂಡಿಗೆ ಕೂರುತ್ತದೆಯೇ, ಕೋಲು ಹಾಕಿ ತಿರುವುವಾಗ ಅಲುಗುತ್ತದೆಯೇ ಎಂದು ಎಷ್ಟು ಕಡೆ ಕೇಳಿದ್ದರೋ.

ಈಗ ನಮ್ಮ ಶಾಲೆಗಳಿಗೆ ಬರುತ್ತೇನೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ; ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಲ್ಯಾಬುಗಳಾಗಿವೆ, ಇನ್ನೂ 50,000 ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಮಾದರಿ ಮಾಡಲು 10,000 ರೂಪಾಯಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತ ಬಂದಿದೆ. ದುಡ್ಡಿಲ್ಲ, ಸಾಮಾನಿಲ್ಲ ಎಂಬ ಹಳೆಯ ದೂರು ಎಲ್ಲ ಕಡೆಯೂ ನಡೆಯುವುದಿಲ್ಲ. ಆದರೂ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೆ ಕೈ ಒಡ್ಡಿದಾಗ ಬಾಯಿ ತೆರೆಯುವ ಕಸದ ಬುಟ್ಟಿ ನಾಲ್ಕಾದರೂ ಸಿಗುತ್ತವೆ. ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಆರ್ಡುಯಿನೋ, ಒಂದು ಪುಟ್ಟ ಮೋಟಾರು. ಕಸದ ಸಮಸ್ಯೆ ಬುಟ್ಟಿಯ ಮುಚ್ಚಳದಲ್ಲಿದೆ ಎಂದು ಈ ಮಕ್ಕಳಿಗೆ ಹೇಳಿಕೊಟ್ಟವರು ಯಾರು? ಎಂಜಿನಿಯರಿಂಗ್ ಕಾಲೇಜುಗಳ ಕಥೆ ಇನ್ನೂ ಸಲೀಸು: ಬೆಂಗಳೂರಿನ ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟು ವರದಿಯ ಸಮೇತ ತಯಾರಾಗಿ ಸಿಗುತ್ತದೆ. ಸ್ಮಾರ್ಟ್ ನೀರಾವರಿ ಬೇಕೋ, ಸೌರ ಹುಲ್ಲು ಕತ್ತರಿಸುವ ಯಂತ್ರ ಬೇಕೋ, ಚೌಕಾಸಿ ಮಾಡಿ ಕೊಳ್ಳಬಹುದು.

ಇದಕ್ಕೆ ಉಲ್ಟಾ ನಿಂತ ಒಬ್ಬಾಕೆ ನೆನಪಾಗುತ್ತಾಳೆ. ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್. ಎರಡು ದಶಕಗಳ ಹಿಂದೆ ಶಾಲಾ ಹುಡುಗಿಯಾಗಿದ್ದಾಗ ಅಮ್ಮನಿಗೆ ಹುಷಾರಿಲ್ಲದೆ ಮನೆಯ ಬಟ್ಟೆ ಒಗೆಯುವ ಪಾಳಿ ಆಕೆಗೆ ಬಂತು. ಶಾಲೆಗೂ ದೂರ ಹೋಗಿಬರಬೇಕು. ಸೈಕಲ್ ಪೆಡಲ್ ಜೋಡಿಸಿದ ಒಗೆಯುವ ಯಂತ್ರದ ಚಿತ್ರ ಬರೆದು, ಊರ ಕಡೆಯ ವರ್ಕ್‌ಶಾಪಿನಲ್ಲಿ ಮಾಡಿಸಿಕೊಂಡಳು. ಕೂತು ತುಳಿದರೆ ಒಳಗಿನ ಬುಟ್ಟಿ ತಿರುಗಿ ಬಟ್ಟೆ ಒಗೆಯುತ್ತದೆ, ಕರೆಂಟು ಬೇಡ. ಇಲ್ಲಿ ಮಾಡಿದವಳೂ ಬಳಸುವವಳೂ ಒಬ್ಬಳೇ ಆದ್ದರಿಂದ ಸರಿಯಿಲ್ಲದ್ದು ಮಾರನೆಯ ದಿನವೇ ಕಾಲಿಗೆ ಗೊತ್ತಾಗುತ್ತದೆ. ವಿನಿಶಾ ಗಾಡಿಯಲ್ಲಿ ಹಾಗಿಲ್ಲ. ಬರೆದವರು ಒಬ್ಬರು, ಬೆಸುಗೆ ಹಾಕಿದವರು ಇನ್ನೊಬ್ಬರು, ದಿನವಿಡೀ ನಿಂತು ಉಜ್ಜುವವರು ಮತ್ತೊಬ್ಬರು. ಈ ಮೂವರನ್ನು ಒಂದೇ ಮರದಡಿ ಕೂರಿಸುವುದು ಯಾವ ಸ್ಪರ್ಧೆಯ ನಿಯಮಾವಳಿಯಲ್ಲೂ ನನಗೆ ಕಂಡಿಲ್ಲ.

ಅದನ್ನು ಶುರುಮಾಡಲು ಒಂಬತ್ತನೇ ತರಗತಿಯ ಒಂದು ತಂಡ ಸಾಕು. ಅವರ ಲ್ಯಾಬಿನಲ್ಲಿ ತ್ರಿ-ಡಿ ಪ್ರಿಂಟರ್ ಇದ್ದರೆ ಸದ್ಯಕ್ಕೆ ಅದಕ್ಕೆ ಬಟ್ಟೆ ಹೊದಿಸಿಡಲಿ. ಒಂದು ತಕ್ಕಡಿ, ಒಂದು ವ್ಯಾಟ್ ಮೀಟರ್, ಒಂದು ನೋಟ್‌ಬುಕ್ ಹಿಡಿದು ಶಾಲೆಯ ಹತ್ತಿರದ ಇಸ್ತ್ರಿಯವರ ಬಳಿ ಹೋಗಿ, ಅವರ ಕೆಲಸಕ್ಕೆ ಅಡ್ಡ ಬಾರದಂತೆ ಕೂರಲಿ. ಬೆಳಗ್ಗೆ ತೂಗಿದ ಇದ್ದಿಲು ಎಷ್ಟು, ಸಂಜೆ ಉಳಿದದ್ದೆಷ್ಟು, ಪೆಟ್ಟಿಗೆ ಬಿಸಿಯಿದ್ದೂ ಬಟ್ಟೆಯಿಲ್ಲದೆ ಕಳೆದ ನಿಮಿಷಗಳೆಷ್ಟು, ಹನ್ನೊಂದು ಗಂಟೆಗೆ ಮರದ ನೆರಳು ಎಲ್ಲಿಗೆ ಬರುತ್ತದೆ, ರಾತ್ರಿ ಗಾಡಿಯನ್ನು ಎಲ್ಲಿ ಬಿಟ್ಟು ಹೋಗುತ್ತಾರೆ, ಬಿಟ್ಟ ಗಾಡಿಯ ಮೇಲೆ ಫಲಕವಿದ್ದರೆ ಬೆಳಗ್ಗೆ ಅದು ಅಲ್ಲೇ ಇರುತ್ತದೆಯೇ.

ಬರೆದುಕೊಳ್ಳುತ್ತ ಹೋದರೆ ಅವರಿಗೇ ಒಂದು ಉಪಾಯ ಹೊಳೆಯಬಹುದು. ಇಸ್ತ್ರಿಯವರು ಬಟ್ಟೆ ತರಲು ಮನೆಮನೆಗೆ ಹೇಗೂ ಹೋಗುತ್ತಾರೆ. ಆ ಮನೆಗಳ ತಾರಸಿಯಲ್ಲಿ ಯಾವ ಮರದ ನೆರಳೂ ಬೀಳದ ಬಿಸಿಲಿದೆ, ಎಷ್ಟೋ ಕಡೆ ಫಲಕಗಳೂ ಇವೆ. ಹಳೆಯ ಸೀಸದ ಬ್ಯಾಟರಿಯಾದರೆ 2 ಯೂನಿಟ್ ಕೂಡಿಡಲು ಒಂದು ಕ್ವಿಂಟಾಲಿನಷ್ಟು ಹೊರಬೇಕು. ಲಿಥಿಯಂನದಾದರೆ ಹತ್ತು ಹತ್ತು ಕಿಲೋದ ಎರಡು ಡಬ್ಬಿ ಸಾಕು. ಬಟ್ಟೆ ಗಂಟಿನ ಜೊತೆ ಚಾರ್ಜ್ ಆದ ಡಬ್ಬಿ ತರುವುದು, ಇಸ್ತ್ರಿಯಾದ ಬಟ್ಟೆ ಕೊಡುವಾಗ ಖಾಲಿ ಡಬ್ಬಿ ಬಿಟ್ಟು ಬರುವುದು. ಫಲಕ ಬಿಸಿಲಲ್ಲೇ ಇರುತ್ತದೆ, ಗಾಡಿ ಹೊಂಗೆಯಡಿಯೇ ಇರುತ್ತದೆ. ಡಬ್ಬಿಗೆ ದುಡ್ಡು ಹಾಕುವವರು ಯಾರು, ಎಂಟು ಹತ್ತು ರೂಪಾಯಿಗೆ ಒಂದು ಬಟ್ಟೆ ಉಜ್ಜುವವರ ಮೇಲೆ ಅದನ್ನು ಹೊರಿಸದೆ ಇರುವುದು ಹೇಗೆ, ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ತಾರಸಿಯ ಬೀಗದ ಕೈ ಕೊಡುತ್ತದೆಯೇ ಎಂಬ ಪ್ರಶ್ನೆಗಳಿಗೆ ಪಠ್ಯಪುಸ್ತಕದ ಹಿಂಬದಿಯಲ್ಲಿ ಉತ್ತರವಿಲ್ಲ. ಭಾನುವಾರದ ಅಸೋಸಿಯೇಷನ್ ಮೀಟಿಂಗಿಗೆ ಆ ಮಕ್ಕಳೇ ನೋಟ್‌ಬುಕ್ ಹಿಡಿದು ಹೋಗಿ ಕೇಳಬೇಕು.